ಕೆಂಪು ಕೊಡದ ಜಾಗ

ಚೆನ್ನೈಯಲ್ಲಿ ನಾನು ಮೈಸೂರಿನ ಒಬ್ಬ ಪ್ರೊಫೆಸರಿಗೆ ತಮಿಳಿನ ದುಭಾಷಿಯಾಗಿದ್ದೆ. ಬೀದಿಗೆ ಬರುವ ನೀರು ಯಾರ ಮಾತಿನಂತೆ ಹಂಚಿಕೆಯಾಗುತ್ತದೆ ಎಂಬುದು ಅವರ ಸಂಶೋಧನೆ. ಮಾತುಮಾತಿಗೂ ಕನ್ನಡಕವನ್ನು ಹಣೆಗೇರಿಸಿ "ಬರ್ಕೊಳ್ಳಯ್ಯ" ಅನ್ನುವರು. ನಾಯಿ ಬೊಗಳಿದರೂ ನಾನು ಬರೆದುಕೊಳ್ಳಬೇಕು.

ರಾಯಪುರಂನ ಒಂದು ಓಣಿಯಲ್ಲಿ ಮೂರು ವಾರ ಕೇಳಿದೆವು, "ಇಲ್ಲಿ ಯಾರ ಮಾತು ನಡೆಯುತ್ತೆ?" ಹೆಂಗಸರೆಲ್ಲ "ಎಲ್ಲರೂ ಒಂದೇ ಸಾರ್" ಎಂದು ನಕ್ಕು ಒಳಗೆ ಹೋಗುತ್ತಿದ್ದರು. ನೀರಿನ ಲಾರಿಗೆ ಕಾಯುತ್ತ ಅವರ ಕೊಡಗಳು ಮಾತ್ರ ಸಾಲಾಗಿ ಕೂತಿರುತ್ತಿದ್ದವು.

ಒಂದು ದಿನ ಫೋಟೊಗೆ ಅಡ್ಡವಾಯಿತೆಂದು ಪ್ರೊಫೆಸರು ಸಾಲಿನ ಮೊದಲಲ್ಲಿದ್ದ ಕೆಂಪು ಕೊಡವನ್ನು ಒಂದು ಗೇಣು ಸರಿಸಿದರು. ಓಣಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಮೂಲೆಮನೆಯ ಅಜ್ಜಿ ತೀರ್ಪು ಕೊಟ್ಟರು: ಲಾರಿ ಬರುವವರೆಗೆ ಆ ಕೊಡ ಹಿಡಿದು ಸಾರೇ ಸಾಲಿನಲ್ಲಿ ನಿಲ್ಲಬೇಕು. ಯಾರೂ ಎದುರಾಡಲಿಲ್ಲ.

ನಿಂತರು. ಲಾರಿ ಬಂದಾಗ ತುಂಬಿಸಿ ಸೊಂಟಕ್ಕೇರಿಸಿದರು. ಬಿರುಕುಬಿಟ್ಟ ತಳದಿಂದ ನೀರೆಲ್ಲ ಪ್ಯಾಂಟಿಗಿಳಿಯಿತು.

ಅಜ್ಜಿ ಮನೆಯೊಳಗಿಂದ ಒಳ್ಳೆಯ ಕೊಡ ತಂದರು. "ಅದು ತಣ್ಣಿಕ್ಕು ಇಲ್ಲೆ ಸಾರ್, ಎಡತ್ತುಕ್ಕು."

"ಅದು ನೀರಿಗಲ್ಲವಂತೆ ಸಾರ್, ಜಾಗ ಹಿಡಿಯೋಕಂತೆ," ಎಂದೆ. "ಬರ್ಕೊಳ್ಳಲಾ?"

ಪ್ರೊಫೆಸರು ಕನ್ನಡಕವನ್ನು ಹಣೆಗೇರಿಸಿದರು.

"ಪ್ಯಾಂಟಿನ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರ್ಕೊಳ್ಳಯ್ಯ."