ನೀರು ಕೇಳದ ಗಾಡಿ

ಮಚ್ಛೇಂದ್ರನಿಗೆ ಜೀಪು ಓಡಿಸುವುದೆಂದರೆ ಜೀವ. ಜೀಪಿಗೆ ನೀರು ಹಾಕುವುದೆಂದರೆ ಪ್ರಾಣಸಂಕಟ. ಇಪ್ಪತ್ತರ ಹರೆಯದಲ್ಲಿ ಅವನು ಒಬ್ಬ ಗುತ್ತಿಗೆದಾರನ ಹಳೇ ಜೀಪನ್ನು ಬೀದರ, ಭಾಲ್ಕಿ, ಔರಾದ ಎಂದು ಮೂರು ದಿಕ್ಕಿಗೂ ಓಡಿಸುತ್ತಿದ್ದ. ಹತ್ತು ಮೈಲು ಹೋಗುವಷ್ಟರಲ್ಲಿ ಅದರ ರೇಡಿಯೇಟರು ಕುದಿಯುತ್ತಿತ್ತು. ಆಗ ಡಬ್ಬಿ ಹಿಡಿದು ಊರ ಬಾವಿಗೆ ಹೋಗಬೇಕು. ಕಟ್ಟೆ ಹತ್ತುವಂತಿಲ್ಲ, ಹಗ್ಗ ಮುಟ್ಟುವಂತಿಲ್ಲ. ಹತ್ತು ಹೆಜ್ಜೆ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಬಂದು ಮೇಲಿನಿಂದ ಡಬ್ಬಿಗೆ ಹೊಯ್ಯುವವರೆಗೆ ಕಾಯಬೇಕು. ಅತ್ತ ಜೀಪಿನಲ್ಲಿ ಕೂತ ಗುತ್ತಿಗೆದಾರ 'ಜಲ್ದಿ, ಜಲ್ದಿ' ಎಂದು ಕೂಗುತ್ತಿದ್ದ. ಇತ್ತ ಕೊಡ ಹಿಡಿದವರು, ಅವಸರವೇನಿದೆ ಎಂಬಂತೆ ಮಾತಾಡುತ್ತ ನಿಂತಿರುತ್ತಿದ್ದರು. ಮಚ್ಛೇಂದ್ರ ನಿಂತಲ್ಲೇ ಕಾಲು ಬದಲಿಸುತ್ತ ಬೇಯುತ್ತಿದ್ದ.

ಅವನ ಊರು ಭಾಲ್ಕಿ ತಾಲೂಕಿನ ಭಾತಂಬ್ರಾ. ಅವನು ಹತ್ತು ವರ್ಷದವನಿದ್ದಾಗ, ಅಸ್ಪೃಶ್ಯರೆನಿಸಿಕೊಂಡಿದ್ದ ಅವನ ಓಣಿಯವರೆಲ್ಲ ಬೌದ್ಧರಾದರು. ಮನೆಯ ಜಗಲಿಯ ದೇವರು ಹೋಗಿ ಗೋಡೆಗೆ ಬುದ್ಧನ ಫೋಟೋ ಬಂತು. ಆದರೆ ಊರ ಬಾವಿಯ ಕಟ್ಟೆ ಇದ್ದಲ್ಲೇ ಇತ್ತು, ಓಣಿಯ ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ಹೋಗುವುದೂ ತಪ್ಪಲಿಲ್ಲ. 'ಯಾರ ಮುಂದೂ ನೀರಿಗೆ ಕೈ ಚಾಚದೆ ಬದುಕಬೇಕು' ಎಂಬುದೊಂದೇ ಅವನ ಆಸೆ. ಬೇರೆಯವರಿಗೆ ಅದು ಆಸೆ ಎಂದೇ ಅನ್ನಿಸುತ್ತಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಒಂದು ಊರಲ್ಲಿ ಅರ್ಧ ಗಂಟೆ ನಿಂತರೂ ಯಾರೂ ಹೊಯ್ಯಲಿಲ್ಲ. ಅವನು ಖಾಲಿ ಡಬ್ಬಿಯನ್ನು ಜೀಪಿನ ಮುಂದೆ ಇಟ್ಟ, ಕೀಲಿಯನ್ನು ಗುತ್ತಿಗೆದಾರನ ಕೈಗೆ ಕೊಟ್ಟ, ಬಸ್ಸು ಹತ್ತಿ ಬೀದರಿಗೆ ಬಂದುಬಿಟ್ಟ. ಕೆಲಸ ಹೋದದ್ದಕ್ಕೆ ದುಃಖವಾಗಲಿಲ್ಲ. ಸಿಟ್ಟು ಮಾತ್ರ ವಾರವಾದರೂ ಇಳಿಯಲಿಲ್ಲ.

ಬೀದರಿನಲ್ಲಿ ಡಾಕ್ಟರ್ ಕುತುಬೋದ್ದೀನ ಸಾಹೇಬರು ಡ್ರೈವರನನ್ನು ಹುಡುಕುತ್ತಿದ್ದರು. ಮೂರು ಜನ ಬಂದು ಮೂರು ಜನರೂ ಬಿಟ್ಟುಹೋಗಿದ್ದರು. ಕಾರಣ, ಅವರ ಕಾರು. ಹೈದರಾಬಾದಿನ ಯಾವುದೋ ಕಾರಖಾನೆಗೆ ಬಂದಿದ್ದ ಜರ್ಮನ್ ಇಂಜಿನಿಯರನೊಬ್ಬ ತನ್ನ ದೇಶಕ್ಕೆ ಮರಳುವಾಗ ಸಾಹೇಬರಿಗೆ ಮಾರಿಹೋದ ಫೋಕ್ಸ್‌ವ್ಯಾಗನ್ ಅದು. ಗುಂಡನೆಯ ಬೆನ್ನು, ಮುಂದೆ ಎರಡು ಉಬ್ಬುಗಣ್ಣು. ಕಪ್ಪೆಯಂತಿದೆ ಎಂದು ಊರವರು ಕಪ್ಪಿ ಗಾಡಿ ಎನ್ನುತ್ತಿದ್ದರು. ಇಂಜಿನ್ನು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಲಾರಿಯವರು ಮುಂದಿನ ಮುಚ್ಚಳ ಎತ್ತಿ ನೋಡಿ, 'ಇಂಜಿನ್ ಕಳುವಾಗ್ಯದ, ಜಲ್ದಿ ಠಾಣೆಕ್ಕ ಹೋಗ್ರಿ' ಎಂದು ನಗುವುದನ್ನು ಆ ಮೂವರೂ ತಾಳಿಕೊಳ್ಳಲಿಲ್ಲ.

ಮಚ್ಛೇಂದ್ರ ಗಾಡಿಯ ಸುತ್ತ ಎರಡು ಸುತ್ತು ಹಾಕಿ ಕೇಳಿದ. "ಇದರ ರೇಡಿಯೇಟರ್ ಎಲ್ಲದರಿ, ಸಾಹೇಬ್ರ?"

"ಇಲ್ಲೇ ಇಲ್ಲ. ಇದು ಗಾಳಿಯಿಂದ ತಣ್ಣಗ ಆಗ್ತದ. ಫ್ಯಾನ್ ಅದ, ಎಣ್ಣಿ ಅದ. ನೀರ ಬೇಕಾಗಂಗಿಲ್ಲ."

"ಒಂದ್ ಹನಿನೂ?"

"ಒಂದ್ ಹನಿನೂ."

ಪಗಾರ ಎಷ್ಟು ಎಂದು ಕೇಳುವುದನ್ನೂ ಮರೆತು ಅವನು ಆವತ್ತೇ ಕೆಲಸಕ್ಕೆ ನಿಂತ.

ಸಾಹೇಬರು ಪಕ್ಕದಲ್ಲಿ ಕೂತು ಗಾಡಿಯ ಕಥೆ ಹೇಳುತ್ತಿದ್ದರು. ಆ ಹೆಸರಿನ ಅರ್ಥವೇ ಜನರ ಗಾಡಿ ಎಂದು. ಯುದ್ಧಕ್ಕೆ ಮುಂಚೆ ಆ ದೇಶದ ಸರಕಾರ ಬಡವರಿಗೆಲ್ಲ ಕಾರು ಕೊಡುತ್ತೇವೆ ಎಂದು ಸಾರಿತ್ತು. ವಾರವಾರ ಒಂದು ಚೀಟಿ ಕೊಂಡು ಪುಸ್ತಕಕ್ಕೆ ಅಂಟಿಸಬೇಕು, ಪುಸ್ತಕ ತುಂಬಿದರೆ ಕಾರು. ಮೂರು ಲಕ್ಷಕ್ಕೂ ಹೆಚ್ಚು ಜನ ಅಂಟಿಸಿದರು. ಅಷ್ಟರಲ್ಲಿ ಯುದ್ಧ ಬಂತು, ಕಾರಖಾನೆಯಲ್ಲಿ ಸೈನ್ಯದ ಗಾಡಿಗಳಾದವು, ಚೀಟಿ ಅಂಟಿಸಿದವರಲ್ಲಿ ಒಬ್ಬನಿಗೂ ಆ ಕಾರು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ, ಗೆದ್ದ ಇಂಗ್ಲಿಷರ ಅಧಿಕಾರಿಯೊಬ್ಬ ಬಾಂಬು ಬಿದ್ದ ಆ ಕಾರಖಾನೆಯನ್ನು ಮತ್ತೆ ನಡೆಸಿದ. ಅಲ್ಲಿಂದ ಈ ಕಪ್ಪಿ ದೇಶದೇಶಕ್ಕೆ ಜಿಗಿಯಿತು. ಮಚ್ಛೇಂದ್ರನ ಮನಸ್ಸು ಮಾತ್ರ ಚೀಟಿ ಅಂಟಿಸಿದವರ ಹತ್ತಿರವೇ ಸುಳಿಯುತ್ತಿತ್ತು. ಭಾತಂಬ್ರಾದ ಅವನ ಓಣಿಗೂ ಎರಡು ಚುನಾವಣೆಯಲ್ಲಿ ಬಾವಿ ಮಂಜೂರಾಗಿತ್ತು. ಕೊಡುತ್ತೇನೆ ಎಂದವರ ಮಾತು ಭೂಮಿಯ ಮೇಲೆ ಎಲ್ಲ ಕಡೆಗೂ ಒಂದೇ ತೂಕ.

ಸಾಹೇಬರು ತೀರಿಕೊಂಡರು. ಎರಡು ವರ್ಷದ ಮೇಲೆ, ಬರ ಕಚ್ಚಿಕೊಂಡ ಎಪ್ಪತ್ತೆರಡರಲ್ಲಿ, ಅವರ ಹೆಂಡತಿ ಮಹಮೂದಾ ಬೇಗಂ ಮಗಳ ಮನೆಗೆಂದು ಹೈದರಾಬಾದಿಗೆ ಹೊರಟರು. ಈ ಮಾದರಿಯ ಕಾರಿನಷ್ಟು ಸಂಖ್ಯೆಯಲ್ಲಿ ಜಗತ್ತಿನಲ್ಲಿ ಬೇರಾವ ಕಾರೂ ತಯಾರಾಗಿಲ್ಲ ಎಂದು ಅದೇ ವರ್ಷ ಉರ್ದು ಪತ್ರಿಕೆಯಲ್ಲಿ ಬಂದಿತ್ತಂತೆ. ಅದನ್ನು ಓದಿ ಹೇಳಿ, ಕೀಲಿಯನ್ನು ಅವನ ಮುಂದೆ ಹಿಡಿದರು.

"ತಗೋ ಬೇಟಾ. ಇದರ ಮಿಜಾಜು ನಿನಗೊಬ್ಬನಿಗೇ ಗೊತ್ತದ. ಕಾಗದ ನಿನ್ನ ಹೆಸರಿಗಿ ಮಾಡ್ಸೀನಿ."

ಅವನು ಎರಡೂ ಕೈ ಒಡ್ಡಿ ಕೀಲಿ ತೆಗೆದುಕೊಂಡ. ಭಾತಂಬ್ರಾದ ಬೌದ್ಧರ ಓಣಿಗೆ ಆವತ್ತು ಕಾರು ಬಂತು, ಅದರ ಒಡೆಯ ಓಣಿಯವನೇ. ಅವ್ವನ ಬದಲು ಹೆಂಡತಿ ಶಾಲುಬಾಯಿ ಆರತಿ ಎತ್ತಿದಳು, ಅವ್ವ ಖುಷಿಗೆ ಅಳುತ್ತ ಕೂತಿದ್ದಳು.

ಒಡೆತನವೆಂದರೆ ಸುಮ್ಮನೆ ಬಂತೇ? ಬಿಡಿಭಾಗಕ್ಕೆ ಹೈದರಾಬಾದಿಗೆ ಓಡಬೇಕು. ಫ್ಯಾನಿನ ಬೆಲ್ಟು ಹರಿದರೆ ಗಾಡಿ ಅಲ್ಲೇ ನಿಲ್ಲಬೇಕು, ಅದಕ್ಕೇ ಸೀಟಿನ ಕೆಳಗೆ ಯಾವಾಗಲೂ ಎರಡು ಬೆಲ್ಟು. ಹೊಲಿಗೆ ಯಂತ್ರದಂಥ ಅದರ ಟಕಟಕ ಸದ್ದು ಒಂದಿಷ್ಟು ಬದಲಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಆ ವರ್ಷ ರಸ್ತೆಯ ಮೇಲೆ ಅವನೇ ರಾಜ. ಬಾವಿಗಳ ತಳ ಕಾಣುತ್ತಿತ್ತು, ಮಾಂಜ್ರಾ ನದಿಯಲ್ಲಿ ಮರಳು ಹಾರುತ್ತಿತ್ತು. ಲಾರಿಯವರು, ಜೀಪಿನವರು ಕುದಿಯುವ ಗಾಡಿ ನಿಲ್ಲಿಸಿ ಊರೂರಲ್ಲಿ ಬೇಡಿದರೂ, 'ಮಂದೀಗೇ ಇಲ್ಲ, ನಿಮ್ಮ ಗಾಡಿಗಿ ಎಲ್ಲಿಂದ' ಎಂಬ ಉತ್ತರ. ಮುಂಚೆ ನಕ್ಕವರೇ ಈಗ ಕಪ್ಪಿ ಗಾಡಿ ಹೋಗುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದರು. ಬಾವಿ ಕಂಡಲ್ಲೆಲ್ಲ ಅವನು ಬೇಕೆಂದೇ ಹಾರ್ನು ಬಾರಿಸುತ್ತಿದ್ದ.

ಪುಣೆ, ಮುಂಬಯಿ ಎಂದು ಗಂಟು ಕಟ್ಟಿದ ಜನರನ್ನು ಭಾಲ್ಕಿ ಸ್ಟೇಷನ್ನಿಗೆ ಬಿಟ್ಟು ಬರುವುದು ಅವನ ಆಗಿನ ಕೆಲಸ. ಪ್ರತಿ ಸಲ ರೈಲು ಹೊರಟಾಗ ತಾನೂ ಹೋಗಿಬಿಡಲೇ ಎಂದು ಕಾಲು ತುರಿಸುತ್ತಿತ್ತು. ಮನೆಗೆ ಬಂದರೆ ಹೆಂಡತಿ ಇರುತ್ತಿರಲಿಲ್ಲ, ಎರಡು ಹರದಾರಿ ದೂರದ ನೀರಿಗೆ ಹೋಗಿರುತ್ತಿದ್ದಳು.

"ನಮ್ಮ ಗಾಡಿ ಯಾರಿಗೂ ನೀರು ಬೇಡಂಗಿಲ್ಲ, ನೋಡು" ಎಂದು ಅವನು ಹೇಳಿದಾಗಲೆಲ್ಲ ಶಾಲುಬಾಯಿ ಕೊಡ ಇಳಿಸುತ್ತ ಅನ್ನುತ್ತಿದ್ದಳು, "ಗಾಡಿ ಬೇಡಂಗಿಲ್ರಿ. ನಾ ಬೇಡ್ತೇನಿ."

ಅದು ಅವನ ಕಿವಿಯವರೆಗೆ ಬರುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋದಳು. ತವರು ಔರಾದ ತಾಲೂಕಿನ ಚಿಂತಾಕಿ. ಮೇ ತಿಂಗಳ ಒಂದು ಬೆಳಿಗ್ಗೆ ಬೀದರಿನ ಬಸ್ ನಿಲ್ದಾಣದಲ್ಲಿದ್ದ ಮಚ್ಛೇಂದ್ರನಿಗೆ ಚಿಂತಾಕಿಯವರೊಬ್ಬರು ಸುದ್ದಿ ತಂದರು. ನಿನ್ನೆಯಿಂದ ಬೇನೆ, ಕೂಸು ಇಳಿಯುತ್ತಿಲ್ಲ, ದೊಡ್ಡ ದವಾಖಾನೆಗೆ ಒಯ್ಯಬೇಕು. ಅವನು ಗಾಡಿಯನ್ನು ಎಲ್ಲೂ ನಿಲ್ಲಿಸದೆ ಹೊಡೆದುಕೊಂಡು ಹೋದ.

ಅವನು ಒಳಗೆ ಹೋಗಿ ಶಾಲುಬಾಯಿಯನ್ನು ಎತ್ತಿ ತರುವಷ್ಟರಲ್ಲಿ ಅತ್ತೆ ಕೌಸಲ್ಯಾಬಾಯಿ ಗಾಡಿಯ ಹಿಂಭಾಗ ಮುಟ್ಟಿ ನೋಡಿದ್ದಳು, ಬೆರಳು ಚುರ್ ಅಂದಿತ್ತು. ದುಡಿದು ಬಂದ ಎತ್ತಿನ ಬೆನ್ನಿಗೆ ಹಸಿ ಗೋಣಿ ಹಾಕಿದ ಮನೆತನ ಅದು. ಬಿಸಿಲಲ್ಲಿ ಜೀಪಿನವರು ಮೂತಿಗೆ ಹಸಿ ಗೋಣಿತಟ್ಟು ಕಟ್ಟುವುದನ್ನೂ ಅವಳು ಕಂಡಿದ್ದಳು. ಮಗಳನ್ನು ಒಯ್ಯುವ ಗಾಡಿ ದಾರಿಯಲ್ಲಿ ದಣಿಯಬಾರದು. ಎರಡು ದಿನಕ್ಕೆಂದು ಇಟ್ಟಿದ್ದ ಒಂದು ಕೊಡ ನೀರನ್ನು ಪೂರಾ ಸುರಿದು ಕೌದಿ ನೆನೆಸಿದಳು. ಇಂಜಿನ್ನಿನ ಮುಚ್ಚಳದ ಮೇಲಿನ ಸೀಳುಗಳಿಗೆ ಅದನ್ನು ದಪ್ಪಗೆ ಹೊದಿಸಿ, ಹಗ್ಗದಿಂದ ಬಿಗಿದಳು. ಆ ಸೀಳುಗಳಿಂದಲೇ ಗಾಡಿ ಉಸಿರಾಡುತ್ತದೆಂದು ಅವಳಿಗೆ ಹೇಳಿದವರು ಯಾರು? ಮಚ್ಛೇಂದ್ರ ಆ ಅವಸರದಲ್ಲಿ ಹಿಂದೆ ತಿರುಗಿಯೂ ನೋಡಲಿಲ್ಲ. ಅತ್ತೆಯೂ ಮಗಳ ಜೊತೆ ಗಾಡಿ ಹತ್ತಿದಳು.

ಔರಾದ ದಾಟಿತು, ಸಂತಪುರ ದಾಟಿತು. ಗಾಡಿ ಎಳೆಯುವುದು ಕಮ್ಮಿಯಾಯಿತು, ಸುಟ್ಟ ಎಣ್ಣೆಯ ವಾಸನೆ ಬಂತು, ಕೆಂಪು ದೀಪ ಹತ್ತಿತು. ಒಂದು ಸಣ್ಣ ಊರಿನ ಮುಂದೆ ಕಟಕಟ ಎಂದು ನಿಂತೇಬಿಟ್ಟಿತು. ಅವನು ಇಳಿದು ಹಿಂದೆ ಹೋದ. ಕೌದಿ ಒಣಗಿ ಹಪ್ಪಳವಾಗಿತ್ತು.

"ಇದನ್ನ ಯಾರು ಹಾಕಿದವರು?"

"ನಾನೇ ರೀ. ತಣ್ಣಗಿರ್ಲಿ ಅಂತ" ಎಂದಳು ಕೌಸಲ್ಯಾಬಾಯಿ. "ಮನ್ಯಾಗ ಇದ್ದಷ್ಟೂ ನೀರ ಹಾಕೀನಿ."

ಬೈಯಲು ಹೊರಟವನು ಹಗ್ಗ ಬಿಚ್ಚಿ ಕೌದಿ ತೆಗೆದ. ಜೀವಮಾನದಲ್ಲಿ ಅವನ ಗಾಡಿಗೆ ಕೇಳದೆಯೇ ನೀರು ಕೊಟ್ಟವಳು ಇವಳೊಬ್ಬಳೇ. ಈಗ ಮಾಡುವುದೇನೂ ಇರಲಿಲ್ಲ. ತಾನಾಗಿ ಆರುವವರೆಗೆ ಕಾಯಬೇಕು. ನೀರು ಸುರಿದರೆ ಕಾದ ಇಂಜಿನ್ನು ಬಿರುಕು ಬಿಡುತ್ತದೆ. ಒಳಗಿಂದ ಶಾಲುಬಾಯಿ ನರಳಿದಳು. "ನೀರು... ಬಾಯಿ ಒಣಗ್ಯದ್ರಿ."

ಏಳು ವರ್ಷದಿಂದ ಅವನು ಯಾರನ್ನೂ ನೀರು ಕೇಳಿರಲಿಲ್ಲ. ಗಾಡಿಯಲ್ಲಿದ್ದ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರು ತರಲಾಗದೆಂದು ಅತ್ತೆಯ ತಂಬಿಗೆ ಹಿಡಿದು ಬಾವಿಯ ಕಡೆ ಓಡಿದ.

ಬಾವಿಯ ತಳದಲ್ಲಿ ಒಸರುವುದನ್ನು ಬಟ್ಟಲಿನಿಂದ ಬಳಿದು ಕೊಡ ತುಂಬಿಕೊಂಡು ವಯಸ್ಸಾದ ಒಬ್ಬ ಹೆಂಗಸು ಮೇಲೆ ಬಂದಿದ್ದಳು. ಗುಂಡಮ್ಮ ಎಂದು ಅವಳ ಹೆಸರು. ದೂರದಲ್ಲಿ ಕಾರು, ಎದುರಿಗೆ ಇಸ್ತ್ರಿ ಅಂಗಿ ಕಂಡು, "ಬರ್ರಿ ಸಾಹೇಬ್ರ" ಎಂದಳು. ಅವನು ಹೆಂಡತಿಯ ಸಂಗತಿ ಹೇಳಿದ.

"ಅಯ್ಯ, ನಾ ಭಾಳ ಹೆರಿಗಿ ಮಾಡ್ಸೀನಿ, ಬರ್ತೇನಿ ನಡ್ರಿ. ಯಾವ ಮಂದಿ ರೀ ನೀವು?"

ಒಂದು ಸುಳ್ಳು ಸಾಕಾಗಿತ್ತು. "ಬೌದ್ಧರು" ಎಂದುಬಿಟ್ಟ. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡ. ತನ್ನ ಮಾನಕ್ಕೆ ಹೆಂಡತಿಯ ಜೀವ ಅಡ ಇಟ್ಟೆನೇ ಎಂದುಕೊಂಡ.

ಗುಂಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಕೊಡವನ್ನು ಎದೆಯ ಮಟ್ಟಕ್ಕೆ ಎತ್ತಿ, ತಗುಲದಂತೆ ತಂಬಿಗೆಗೆ ಹೊಯ್ದಳು. ಅಷ್ಟಕ್ಕೇ ಹೋಗಲಿಲ್ಲ, ಕೊಡ ಹೊತ್ತು ಅವನ ಹಿಂದೆಯೇ ಬಂದಳು. ಗಾಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೌಸಲ್ಯಾಬಾಯಿಗೆ ಅಂದಳು, "ಮುಟ್ಟಿದ್ರ ಜಳಕ ಮಾಡ್ಬೇಕಾಗ್ತದವ್ವ. ಇದ್ದ ನೀರ ನಿಮಗ ಬೇಕು. ಜಳಕಕ್ಕ ಎಲ್ಲಿಂದ ತರ್ಲಿ? ನಾ ಹೇಳ್ದಂಗ ಮಾಡು."

ಆ ಮಾತಿನಲ್ಲಿ ಸೊಕ್ಕು ಇರಲಿಲ್ಲ, ನಿಜವಾದ ಸಂಕಟ ಇತ್ತು. ಅದೇ ಮಚ್ಛೇಂದ್ರನನ್ನು ಹೆಚ್ಚು ಸುಟ್ಟದ್ದು. ಗುಂಡಮ್ಮ ದೂರದಿಂದ ಕೂಗಿ ಹೇಳಿದಳು, ಅತ್ತೆ ಹಾಗೆಯೇ ಮಾಡಿದಳು. ಅವನು ರಸ್ತೆಯ ಮೇಲೆ ಗಾಣದೆತ್ತಿನಂತೆ ಸುತ್ತಿದ. ಮತ್ತೆ ಮತ್ತೆ ತಂಬಿಗೆ ಚಾಚಿದ, ಮತ್ತೆ ಮತ್ತೆ ಮೇಲಿನಿಂದ ನೀರು ಬಿತ್ತು. ಗಾಡಿಯ ಹಿಂದಿನ ಸೀಟಿನಲ್ಲಿ ಹೆಣ್ಣು ಕೂಸು ಹುಟ್ಟಿ ಕಿರುಚಿದಾಗ ಗುಂಡಮ್ಮನ ಕೊಡ ಖಾಲಿಯಾಗಿತ್ತು. ಅವನು ಕೈ ಮುಗಿದ. ಅವಳ ಕಾಲು ಹಿಡಿಯಬೇಕೆನ್ನಿಸಿತು, ಅದೇ ಉಸಿರಿನಲ್ಲಿ ಆ ಕೊಡವನ್ನು ಕಲ್ಲಿಗೆ ಒಗೆಯಬೇಕೆನ್ನಿಸಿತು.

ಬಿಸಿಲು ಇಳಿದ ಮೇಲೆ ಗಾಡಿ ಗೊಣಗುತ್ತ ಶುರುವಾಯಿತು. ಬೀದರಿನ ದವಾಖಾನೆಯಲ್ಲಿ ತಾಯಿ, ಮಗಳು ಉಳಿದುಕೊಂಡರು. ಮೂರನೆಯ ದಿನ ಶಾಲುಬಾಯಿ ಮಂಚದ ಮೇಲಿಂದ ಅಂದಳು, "ಮ್ಯಾಲಿಂದ ಹೊಯ್ದ ನೀರ ಕುಡದು ಹಡದೀನ್ರಿ. ಇಕಿನೂ ಹಾಂಗೇ ಕುಡೀಬೇಕೇನು?"

ಈ ಸಲ ಮಾತು ಒಳಗೆ ಇಳಿಯಿತು. ಆ ಮೇಲೆ ಅವನಿಗೆ ಗಾಡಿಯಲ್ಲಿ ಕೂತರೆ ಕೂರಲಾಗಲಿಲ್ಲ, ಇಳಿದರೆ ನಿಲ್ಲಲಾಗಲಿಲ್ಲ. ಎಂಟನೆಯ ದಿನ ಹೈದರಾಬಾದಿಗೆ ಓಡಿಸಿಕೊಂಡು ಹೋಗಿ, ಬೇಗಂ ಅವರ ಪರಿಚಯದವರಿಗೆ ಗಾಡಿ ಮಾರಿದ.

"ಯಾಕ ಬೇಟಾ? ತಕಲೀಫು ಕೊಡ್ತೇನು?" ಎಂದು ಕೇಳಿದರು ಬೇಗಂ.

"ಇಲ್ರಿ ಅಮ್ಮಾ. ಅದಕ ನೀರ ಬ್ಯಾಡ. ನಮಗ ಬೇಕು."

ಕೀಲಿ ಕೊಡುವಾಗ ಕಣ್ಣು ತುಂಬಿತು. ರೈಲಿನಲ್ಲಿ ಬೀದರವರೆಗೂ ಬಾಗಿಲಲ್ಲೇ ನಿಂತು ಬಂದ.

ಪುಣೆಗೆ ಗಂಟು ಕಟ್ಟಿದ್ದ ಓಣಿಯ ಹನ್ನೊಂದು ಜನರನ್ನು ಅವನೇ ತಡೆದ. ಮಂಜೂರಾದ ಬಾವಿಯ ದಾರಿ ಇನ್ನು ಕಾಯುವುದಿಲ್ಲ ಎಂದ. ಅಪ್ಪನ ಕಾಲದ ತುಂಡು ಹೊಲದಲ್ಲಿ ಅಗೆತ ಶುರುವಾಯಿತು. ಇಪ್ಪತ್ತು ಅಡಿಗೆ ಕರಿಬಂಡೆ ಅಡ್ಡ ಬಂತು. ಗಾಡಿ ಮಾರಿದ ಹಣದಲ್ಲಿ ಮದ್ದು ಹಾಕುವವರನ್ನು ಕರೆಸಿ ಒಡೆಸಿದರು. 'ಕಾರು ಮಾರಿ ಕುಣಿ ತೋಡ್ಯಾನ' ಎಂದು ಊರು ನಕ್ಕಿತು. ಮೂವತ್ತೆಂಟನೆಯ ಅಡಿಗೆ ಬಂಡೆಯ ಬಿರುಕಿನಿಂದ ನೀರು ಬಂತು, ನಾಲ್ಕು ದಿನಕ್ಕೆ ಎದೆಯುದ್ದ ನಿಂತಿತು.

ಮಳೆ ಇನ್ನೂ ಬಂದಿರಲಿಲ್ಲ. ಊರ ಬಾವಿ ಪೂರಾ ಬತ್ತಿತ್ತು. ಐದನೆಯ ದಿನ ಮೇಲ್ಜಾತಿಯವರ ಮೇಲೋಣಿಯ ಹೆಂಗಸೊಬ್ಬಳು ಕೊಡ ಹಿಡಿದು ಬಂದಳು. ಹತ್ತಿರ ಬರಲಿಲ್ಲ, ಬಾಯಿ ಬಿಟ್ಟು ಕೇಳಲೂ ಇಲ್ಲ, ದೂರದಲ್ಲೇ ತಲೆ ತಗ್ಗಿಸಿ ನಿಂತಳು. ಮಚ್ಛೇಂದ್ರ ಆಗಷ್ಟೇ ಸೇದಿದ ಕೊಡ ಹಿಡಿದು ಅವಳ ಮುಂದೆ ಹೋದ. ಅವನು ಎತ್ತಲೇಬೇಕೆಂದುಕೊಂಡಿರಲಿಲ್ಲ, ಕೈಗಳು ತಾವಾಗಿಯೇ ಎದೆಯ ಮಟ್ಟಕ್ಕೆ ಎದ್ದವು.

"ಕೈ ಕೆಳಗ ಇಳಸ್ರಿ" ಎಂದಳು ಹಿಂದಿನಿಂದ ಶಾಲುಬಾಯಿ, ಮಗಳನ್ನು ಎದೆಗೆ ಅವಚಿಕೊಂಡು.

ಕೈ ಇಳಿಯಿತು. ಸಿಟ್ಟೂ ಇಳಿಯಿತೆಂದರೆ ಸುಳ್ಳಾಗುತ್ತದೆ. ತನ್ನ ಕೊಡದ ಅಂಚನ್ನು ಅವಳ ಕೊಡದ ಅಂಚಿಗೆ ಒತ್ತಿ ಹಿಡಿದು, ಅವಳ ಮುಖ ನೋಡುತ್ತ ಹೊಯ್ದ. ಅವಳು ಕೊಡವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.