ಗೆಳೆಯ ಎಂದು ಹೇಳಿದ ಸುಳ್ಳು

ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನೂ ನನ್ನ ಹೆಂಡತಿಯೂ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟು ಒಂದು ಇಂಗ್ಲಿಷ್ ಸೀರಿಯಲ್ ನೋಡುತ್ತಿದ್ದೆವು. ಆಕಾಶನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ನಾಯಕನ ಕಥೆ. ಅವಳಿಗೆ ಇಂಗ್ಲಿಷ್ ಬಾರದು. ಪ್ರತಿ ಮಾತನ್ನೂ ನಾನು ಕನ್ನಡದಲ್ಲಿ ಹೇಳಬೇಕು. ಆ ನಾಯಕನೆಂದರೆ ಅವಳಿಗೆ ಪ್ರಾಣ. ನಮ್ಮೂರು ಹೊನ್ನವಳ್ಳಿಯ ಅರ್ಧ ಹೆಂಗಸರಿಗೆ ಅವನ ಕಥೆ ಹೇಳಿ ಹುಚ್ಚು ಹಿಡಿಸಿದ್ದಳು.

ಅವನು ಒಂದು ಗ್ರಹದ ರಾಣಿಗೂ ಮನಸೋತಿದ್ದ, ನೌಕೆಯಲ್ಲಿ ಜೊತೆಗಿದ್ದ ಒಬ್ಬ ಗಂಡಸಿಗೂ. ಎರಡನೆಯದನ್ನು ನಾನು ಮುಚ್ಚಿಟ್ಟಿದ್ದೆ. ಅವನನ್ನು ನಾಯಕ ‘ನನ್ನ ಪ್ರೀತಿ’ ಎಂದಾಗಲೆಲ್ಲ, ‘ಗೆಳೆಯ ಅಂತಾನೆ’ ಎನ್ನುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಹಾರ ಹಾಕಿದ ಫೋಟೊ ಬಂತು. ತಿಪಟೂರಿನಲ್ಲಿ ಓದುವಾಗ ಮೂರು ವರ್ಷ ನನ್ನ ರೂಮಿನಲ್ಲಿದ್ದವನು, ನಾನು ಪ್ರೀತಿಸಿದವನು. ಹಿಂದಿನ ದಿನವೇ ಮಣ್ಣು ಮಾಡಿ ಆಗಿತ್ತು. ಎಲ್ಲರಂತೆ ನಾನೂ ‘ಓಂ ಶಾಂತಿ’ ಎಂದು ಟೈಪ್ ಮಾಡಿ, ತೆಂಗಿನ ತೋಟಕ್ಕೆ ನೀರು ಬಿಡಲು ಹೋದೆ. ಯಾರ ಮುಂದೆ ಅಳಲಿ?

ಅವತ್ತಿನ ಕಂತಿನಲ್ಲಿ ನಾಯಕನ ಜೊತೆಗಾರ ಸತ್ತುಹೋದ. ನಾಯಕ ಅವನನ್ನು ತಬ್ಬಿಕೊಂಡು ಗೋಳಾಡಿದ.

“ಗೆಳೆಯ ಸತ್ರೆ ಇಷ್ಟೊಂದು ಅಳ್ತಾರೇನ್ರೀ?” ಎಂದು ನನ್ನ ಕಡೆ ತಿರುಗಿದವಳು ಗಾಬರಿಯಾದಳು. “ಅಯ್ಯೋ, ನೀವ್ಯಾಕೆ ಅಳ್ತಿದ್ದೀರಾ?”

“ಗೆಳೆಯ ಅಲ್ಲ ಕಣೇ, ಪ್ರೀತಿಸ್ದೋನು. ನಂಗೂ ಒಬ್ಬ ಇದ್ದ. ಅವ್ನೂ ಹೋದ.”

ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಮೊಬೈಲ್ ಆರಿಸಿದಳು.

“ಹಂಗಾದ್ರೆ ಇಷ್ಟು ವರ್ಷ ನನ್ ಜೊತೆ ನಾಟಕ ಆಡಿದ್ರಾ?”

“ಇಲ್ಲ ಕಣೇ. ಅವ್ನೂ ನಿಜ, ನೀನೂ ನಿಜ.”

“ಎರಡೂ ಹೆಂಗ್ರೀ ನಿಜ ಆಗುತ್ತೆ?”

“ನಿನ್ ಹೀರೋ ರಾಣಿನ ಇಷ್ಟಪಟ್ಟಿದ್ದು ಸುಳ್ಳು ಅನ್ಸುತ್ತಾ ನಿಂಗೆ?”

“ಅವ್ನು ಸೀರಿಯಲ್‌ನೋನು. ನೀವು ನನ್ ಗಂಡ ಕಣ್ರೀ.”

ಮರುದಿನವೇ ಕಂದಿಕೆರೆಯ ತವರಿಗೆ ಹೊರಟಳು. ಬಸ್‌ಸ್ಟಾಪಿನಲ್ಲಿ ಜನ ನೋಡುತ್ತಿದ್ದರೂ ಅವಳ ಕೈ ಹಿಡಿದು ಬೇಡಿಕೊಂಡೆ. “ಬುಡ್ರೀ” ಎಂದು ಕೊಸರಿಕೊಂಡು ಹತ್ತಿದಳು. ಆಮೇಲೆ ದಿನವೂ ಫೋನ್ ಮಾಡಿದೆ. ಎತ್ತುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಳ ಉಸಿರು ಕೇಳುತ್ತ ತೋಟದ ಬದುವಿನ ಮೇಲೆ ಕೂತಿರುತ್ತಿದ್ದೆ. ಅಳು ಬರುತ್ತಿತ್ತು, ಅವನಿಗಾಗಿಯೋ ಇವಳಿಗಾಗಿಯೋ ನನಗೇ ತಿಳಿಯುತ್ತಿರಲಿಲ್ಲ. ಇಬ್ಬರನ್ನೂ ಒಂದೇ ವಾರದಲ್ಲಿ ಕಳೆದುಕೊಂಡೆನೆಂದು ಹೇಳಿಕೊಳ್ಳಲು ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹತ್ತನೆಯ ದಿನ ತಾನಾಗಿಯೇ ಬಂದಳು. “ನಮ್ಮವ್ವಂಗೆ ಏನೂ ಹೇಳಿಲ್ಲ” ಎಂದಷ್ಟೇ ಹೇಳಿ, ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಎತ್ತಿಕೊಂಡು ಹೋದಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹಸುವಿಗೆ ಹುಲ್ಲು ಹಾಕುತ್ತ, ನನ್ನತ್ತ ನೋಡದೆ ಕೇಳಿದಳು: “ತೀರ್ಕೊಂಡ್ರಲ್ಲ, ಅವ್ರಿಗೆ ಮದುವೆ ಆಗಿತ್ತಾ?”

“ಆಗಿತ್ತು. ಒಂದು ಮಗೂನೂ ಇದೆ.”

“ಅವ್ರ ಹೆಂಡ್ತಿಗೆ ಗೊತ್ತಾ?”

“ಗೊತ್ತಿರ್ಲಿಲ್ಲ ಅನ್ಸುತ್ತೆ.”

“ಪಾಪ” ಎಂದಳು. ಯಾರ ಬಗ್ಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಅಡುಗೆ, ತೋಟ, ಹಸುವಿನ ವಿಷಯ ಮಾತ್ರ ಮಾತಾಡುತ್ತೇವೆ. ‘ನೀನೂ ನಿಜ’ ಎಂದ ನನ್ನ ಮಾತನ್ನು ಅವಳು ನಂಬಿದ್ದಾಳೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.