ಬಿಳಿ ಅರಿವೆಯ ದಿನ

ನಮ್ಮ ಅಕ್ಕನಿಗೆ ಚಿಕ್ಕಂದಿನಿಂದ ದಮ್ಮು. ಪಾರ್ವತಿನಗರದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಬಳ್ಳಾರಿಯ ಗಾಳಿಯನ್ನು ಎಂದೂ ನಂಬಿದವಳಲ್ಲ. ದಿನಾ ಬೆಳಿಗ್ಗೆ ಅಂಗಿ ಬಟ್ಟೆಯ ಒಂದು ಬಿಳಿ ತುಂಡನ್ನು ನೆನೆಸಿ ಕಿಟಕಿಗೆ ಕಟ್ಟುತ್ತಾಳೆ. ಒಂದು ತಾಸಿನ ಮೇಲೆ ಬಿಚ್ಚಿ ನೋಡಿ, ಕೆಂಪಾಗಿದ್ದರೆ ಹೊರಗೆ ಹೋಗುವುದಿಲ್ಲ. ಹೋಗಲೇಬೇಕಾದರೆ, ಬಾಯಿಗಿಟ್ಟು ಎಳೆದುಕೊಳ್ಳುವ ದಮ್ಮಿನ ಪಂಪು ಚೀಲದಲ್ಲಿರುತ್ತದೆ. ಮೊದಲೆಲ್ಲ, ಬೆಳ್ಳಗಿದ್ದರೆ ಪಂಪನ್ನು ಮಿಷನ್ನಿನ ಖಾನೆಯಲ್ಲೇ ಬಿಟ್ಟು ಆರಾಮಾಗಿ ತಿರುಗಾಡಿ ಬರುತ್ತಿದ್ದಳು. ಅದಿರಿನ ಕೆಂಪು ಧೂಳು ಕುಡಿದೇ ಬೆಳೆದ ನಮಗೆಲ್ಲ ಬಣ್ಣವಿಲ್ಲದ ಗಾಳಿ ಎಂದರೆ ಒಳ್ಳೆಯ ಗಾಳಿ.

ನಾನಂತೂ ಗಾಳಿ ಅಳೆಯುವ ಕೆಲಸದಲ್ಲೇ ಇರುವವನು. ಊರ ಅಂಚಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಯಂತ್ರಗಳಿವೆ. ಅವನ್ನು ಒರೆಸುವುದು, ಫಿಲ್ಟರ್ ಬದಲಿಸುವುದು, ಅಂಕಿ ಬರೆದುಕೊಳ್ಳುವುದು ನನ್ನ ಪಾಲಿಗೆ. ಇಷ್ಟಿದ್ದೂ ನಾನು ಅಕ್ಕನ ಅರಿವೆಯನ್ನೇ ನಂಬಿದ್ದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ವರ್ಷ ಮೇ ಕೊನೆಯಲ್ಲಿ, ಶಾಲೆ ತೆರೆಯುವ ಮುಂಚೆ, ಪಶ್ಚಿಮದಿಂದ ಒಂದು ಮಬ್ಬು ಬಂದು ಮೂರು ದಿನ ಕೂತಿತು. ಸಂಗನಕಲ್ಲಿನ ಗುಡ್ಡ ಕಾಣಲಿಲ್ಲ. ನಡುಮಧ್ಯಾಹ್ನವೂ ನೆರಳು ಸರಿಯಾಗಿ ಬೀಳುತ್ತಿರಲಿಲ್ಲ. ಮರುಭೂಮಿಯ ಧೂಳು, ಸಮುದ್ರ ದಾಟಿ ಬಂದಿದೆ ಎಂದು ಕಚೇರಿಯಲ್ಲಿ ಹೇಳಿದರು. ಅಕ್ಕ ಬಿಚ್ಚಿದ ಅರಿವೆ ಕೆಂಪಾಗಿರಲಿಲ್ಲ, ಕಡಲೆ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ತಿಕ್ಕಿ ನೋಡಿ, "ಇದು ನಮ್ಮ ಮಣ್ಣಲ್ಲ ಬಿಡು," ಎಂದಳು. ಮೂರು ದಿನ ಕೆಮ್ಮುತ್ತ ಒಳಗೇ ಉಳಿದಳು. ಕುರುಗೋಡು ಮತ್ತು ಸಿರುಗುಪ್ಪದ ಶಾಲೆಗಳಿಗೆ ಮುಟ್ಟಿಸಬೇಕಿದ್ದ ಎರಡು ಗಂಟು ಬಟ್ಟೆ ಬಾಗಿಲ ಬಳಿಯೇ ಇದ್ದವು.

ಅತ್ತ ನನ್ನ ಯಂತ್ರಗಳಲ್ಲಿ ಧೂಳಿನ ಅಂಕಿ ಏರಿತು, ಓಝೋನಿನ ಅಂಕಿ ಇಳಿಯಿತು. ಮೇಲೆ ಆಕಾಶದಲ್ಲಿದ್ದು ನಮ್ಮನ್ನು ಬಿಸಿಲಿನಿಂದ ಕಾಯುವ ಓಝೋನು, ವಾಹನ ಕಾರ್ಖಾನೆಗಳ ಹೊಗೆ ಬಿಸಿಲಿಗೆ ಬೆಂದು ನೆಲದ ಮಟ್ಟದಲ್ಲಿ ಹುಟ್ಟಿದರೆ ಎದೆ ಉರಿಸುತ್ತದೆ. ಗಾಳಿ ಇಷ್ಟು ಹೊಲಸಾಗಿರುವಾಗ ಅದು ಕಡಿಮೆಯಾಗುವುದೆಂದರೇನು? ಧೂಳು ಹೊಕ್ಕು ಯಂತ್ರ ಕೆಟ್ಟಿದೆ ಎಂದುಕೊಂಡೆ. ಕೊಳವೆ ಬಿಚ್ಚಿ ಸ್ವಚ್ಛ ಮಾಡಿದೆ, ಫಿಲ್ಟರ್ ಬದಲಿಸಿದೆ. ಅಂಕಿ ಏಳಲಿಲ್ಲ.

ನಾಲ್ಕನೆಯ ದಿನ ಗಾಳಿ ತಿರುಗಿ ಆಕಾಶ ತೊಳೆದಿಟ್ಟ ಹಾಗಾಯಿತು. ಗುಡ್ಡದ ಬಂಡೆಗಳನ್ನು ಎಣಿಸಬಹುದಿತ್ತು. ಮಧ್ಯಾಹ್ನದ ಹೊತ್ತಿಗೆ ಓಝೋನಿನ ಅಂಕಿ ಆ ಬೇಸಿಗೆಯಲ್ಲಿ ನಾನು ಕಾಣದಷ್ಟು ಮೇಲೆ ಹೋಯಿತು. ನಾನೇ ಕೈಯಾಡಿಸಿ ಕೆಡಿಸಿದೆ ಎಂದು ಗಾಬರಿಯಾಯಿತು. ಮೇಲಿನವರಿಗೆ ತಿಳಿದರೆ ಉಗಿಯುತ್ತಾರೆಂದು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಕರೆದಳು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ.

ಗಂಟುಗಳನ್ನು ಹೊರಗಿಟ್ಟು ಕಾಯುತ್ತಿದ್ದಳು. "ಅರಿವಿ ಬೆಳ್ಳಗ ಐತಿ. ಹೋಗಾಕ ಅಡ್ಡಿಯಿಲ್ಲಲ್ಲ?" ಎಂದಳು. ಗಾಳಿಯ ಕೆಲಸದವನೆಂದು ನನ್ನನ್ನು ಕೇಳಿದ್ದಳು. ಆ ಅಂಕಿ ನನ್ನ ತಲೆಯಲ್ಲಿತ್ತು. ಏನಿಲ್ಲ, ನಡಿ ಎಂದೆ.

ಕೊಳಗಲ್ಲು ದಾಟುವ ತನಕ ಬೈಕಿನ ಹಿಂದೆ ಕೂತು ಮಾತಾಡುತ್ತಲೇ ಇದ್ದಳು. ಆಮೇಲೆ ಮಾತು ನಿಂತಿತು. ಬಿಸಿಲಿಗೆ ಸುಸ್ತಾಗಿರಬೇಕೆಂದು ನಾನು ಓಡಿಸುತ್ತಲೇ ಹೋದೆ. ಕುರುಗೋಡಿನ ಶಾಲೆಯ ಮುಂದೆ ಇಳಿದವಳು ಗಂಟು ಎತ್ತಲಿಲ್ಲ, ಗೇಟು ಹಿಡಿದು ಬಗ್ಗಿ ನಿಂತಳು. ತುಟಿ ನೀಲಿಗಟ್ಟಿತ್ತು. ಎದೆಯಿಂದ ಸಿಳ್ಳಿನ ಸದ್ದು ಬರುತ್ತಿತ್ತು. ಅವಳ ಚೀಲವನ್ನೆಲ್ಲ ಕೆಳಗೆ ಸುರಿದೆ. ಟೇಪು, ಕತ್ತರಿ, ಸೀಮೆಸುಣ್ಣ. ಪಂಪಿಲ್ಲ. ಶಾಲೆಯ ಕಾವಲುಗಾರನಿಗೆ ಅವಳನ್ನು ಒಪ್ಪಿಸಿ ಔಷಧಿ ಅಂಗಡಿಗೆ ಓಡಿದೆ. ಮೊದಲನೆಯದು ಮುಚ್ಚಿತ್ತು, ಎರಡನೆಯದರಲ್ಲಿ ಪಂಪಿರಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ಓಡಿ ಬರುವಾಗ, ಅವಳು ಇನ್ನೂ ನಿಂತಿದ್ದಾಳೋ ಇಲ್ಲವೋ ಎಂದು ಆ ಕಡೆ ನೋಡಲಿಕ್ಕೂ ಹೆದರಿದ್ದೆ.

ಪಂಪು ಎಳೆದುಕೊಂಡ ಮೇಲೂ ಅವಳ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಬೇವಿನ ನೆರಳಲ್ಲಿ ಕೂತು ಅಂಕಿಯ ವಿಷಯ ಬಾಯಿಬಿಟ್ಟೆ. ಯಂತ್ರ ಕೆಟ್ಟಿದೆ ಅಂದುಕೊಂಡಿದ್ದೆ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಅರಿವಿ ನೋಡಿ ಪಂಪು ಬಿಟ್ಟು ಬಂದೆ," ಎಂದಳು. "ನೀ ಏನ್ ನೋಡಿ ಕರ್ಕೊಂಡ್ ಬಂದಿ, ತಮ್ಮಾ?"

ಸಿರುಗುಪ್ಪದ ಗಂಟನ್ನು ಮರುದಿನ ನಾನೊಬ್ಬನೇ ಒಯ್ದೆ. ಆಮೇಲೆ ಯಂತ್ರ ನೋಡಲು ಬಂದ ಇಂಜಿನಿಯರು ಏನೂ ಕೆಟ್ಟಿಲ್ಲವೆಂದರು. ಧೂಳು ಬಿಸಿಲನ್ನು ತಡೆಯುತ್ತದೆ, ಅದರ ಕಣಗಳಿಗೆ ತಾಗಿದ ಓಝೋನು ಅಲ್ಲೇ ಅಳಿಯುತ್ತದೆ, ಧೂಳು ಹೋಗಿ ಬಿಸಿಲು ಬಿದ್ದರೆ ಮತ್ತೆ ಏರುತ್ತದೆ ಎಂದು ತಿಳಿಸಿ ಹೇಳಿದರು. ಯಂತ್ರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಬಣ್ಣವಿಲ್ಲದ ಓಝೋನು ಅಕ್ಕನ ಅರಿವೆಗೆ ಹತ್ತಿರಲಿಲ್ಲ, ಅಷ್ಟೇ.

ಅಕ್ಕ ಈಗಲೂ ಅರಿವೆ ಕಟ್ಟುತ್ತಾಳೆ, ಆದರೆ ಪಂಪು ಸದಾ ಚೀಲದಲ್ಲಿರುತ್ತದೆ. ಕೆಂಪು ದಿನಗಳಲ್ಲಿ ನನಗೆ ಅಷ್ಟು ಚಿಂತೆಯಿಲ್ಲ, ಅವಳು ಮನೆಯಲ್ಲೇ ಇರುತ್ತಾಳೆ. ಆಕಾಶ ಶುಭ್ರವಾದ ದಿನ ಮಾತ್ರ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಮಾಳಿಗೆಯಿಂದಲೇ ಫೋನ್ ಮಾಡುತ್ತೇನೆ. ಅವಳು ಎತ್ತಿ ಏನೋ ಹೇಳತೊಡಗುತ್ತಾಳೆ. ಮೊದಲ ಮಾತು ನನಗೆ ಯಾವತ್ತೂ ಕೇಳಿಸುವುದಿಲ್ಲ. ನಾನು ಅವಳ ಉಸಿರು ಕೇಳುತ್ತಿರುತ್ತೇನೆ.